ಉಣಕಲ್ಲಿನ ಹಾದಿಯಲ್ಲಿ ಬಂದವರು, ಹೋದವರು: ಹುಬ್ಬಳ್ಳಿ ಸೀಮೆಯ ವಲಸೆ ಮತ್ತು ದುಡಿಮೆಯ ಚರಿತ್ರೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಉಣಕಲ್ ಒಂದು ಪುರಾತನ ಊರು. ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯ ಅದರ ಪ್ರಾಚೀನತೆಗೆ ಸಾಕ್ಷಿಯಾಗಿದೆ. ವಿಶಾಲವಾದ ಕೆರೆ, ಸಣ್ಣದೊಂದು ರೈಲು ನಿಲ್ದಾಣ, ಈಗಿನ ‘ಚಿಗರಿ’ ಬಸ್ಸುಗಳ ಪ್ರತ್ಯೇಕ ಪಥ, ಇವೆಲ್ಲವೂ ಅಲ್ಲಿವೆ. ಒಂದು ಕಾಲಕ್ಕೆ ಎರೆಹೊಲಗಳ ನಡುವಿನ ಹಳ್ಳಿಯಾಗಿದ್ದ ಉಣಕಲ್ ಇಂದು ಎರಡು ನಗರಗಳ ನಡುವೆ ಸಿಕ್ಕ ಬಡಾವಣೆ. ಅಲ್ಲಿಂದ ಬೆಂಗಳೂರಿಗೂ ಗೋವೆಗೂ ಕೊಲ್ಲಿ ರಾಷ್ಟ್ರಗಳಿಗೂ ಹೋಗುವವರಿದ್ದಾರೆ. ಗದಗ, ಕೊಪ್ಪಳ, ರಾಯಚೂರುಗಳ ಕಡೆಯಿಂದ ಮತ್ತು ದೂರದ ಬಿಹಾರ, ಉತ್ತರ ಪ್ರದೇಶಗಳಿಂದ ಅಲ್ಲಿಗೆ ಬರುವವರೂ ಇದ್ದಾರೆ.

ಈ ಬರುಹೋಗುವಿಕೆಯ ಕುರಿತು ನಮ್ಮ ಮೊಹಲ್ಲಾಗಳಲ್ಲಿ ಎರಡು ದೂರುಗಳು ಸದಾ ಕೇಳಿಬರುತ್ತವೆ. ಹೊರಗಿನವರು ಬಂದು ನಮ್ಮ ದುಡಿಮೆ ಕಸಿದುಕೊಂಡರು ಎಂಬುದು ಒಂದು; ನಮ್ಮ ಮಕ್ಕಳೆಲ್ಲ ಊರು ಬಿಟ್ಟು ಹೊರಗೆ ಹೋದರು ಎಂಬುದು ಇನ್ನೊಂದು. ವಿಚಿತ್ರವೆಂದರೆ ಬಹಳಷ್ಟು ಸಲ ಈ ಎರಡೂ ಮಾತು ಒಂದೇ ಬಾಯಿಂದ ಬರುತ್ತವೆ. ನಮ್ಮ ಮಗ ಬೇರೆ ಊರಿಗೆ ಹೋದರೆ ಅದು ಅವನ ಉದ್ಯೋಗಶೀಲತೆ, ಬೇರೆಯವರ ಮಗ ನಮ್ಮ ಊರಿಗೆ ಬಂದರೆ ಅದು ಅತಿಕ್ರಮಣ! ಈ ಧೋರಣೆ ಎಷ್ಟು ಸರಿ? ಹುಬ್ಬಳ್ಳಿ ಸೀಮೆಯ ಚರಿತ್ರೆಯನ್ನು ತೆರೆದು ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ.

ಪೇಟೆ ಕಟ್ಟಿದ ವಲಸಿಗರು

ವಿಜಯನಗರದ ಕಾಲದಲ್ಲಿ ‘ರಾಯರ ಹುಬ್ಬಳ್ಳಿ’ ಎನಿಸಿಕೊಂಡಿದ್ದ ಊರು ಹತ್ತಿ, ಪೆಟ್ಲುಪ್ಪು ಮತ್ತು ಕಬ್ಬಿಣದ ವ್ಯಾಪಾರಕ್ಕೆ ಹೆಸರಾಗಿತ್ತು. ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿ ಇಂಗ್ಲಿಷರು ಇಲ್ಲಿ ತಮ್ಮ ವ್ಯಾಪಾರ ಕೋಠಿಯನ್ನು ತೆರೆದರು. 1673ರಲ್ಲಿ ಮರಾಠಾ ಸೇನೆ ಅದನ್ನು ಲೂಟಿ ಮಾಡಿತು. ಮುಂದೆ ಊರು ಸವಣೂರಿನ ನವಾಬರ ಅಧೀನಕ್ಕೆ ಬಂದಾಗ ಮಜೀದ್‌ಪುರ ಎಂಬ ಹೊಸ ಪೇಟೆ ತಲೆಯೆತ್ತಿತು. ಬಳಿಕ ಬಸಪ್ಪ ಶೆಟ್ಟರ್ ಎಂಬ ವರ್ತಕರು ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿದರು. ನವಾಬರೊಬ್ಬರ ಪೇಟೆ, ಶೆಟ್ಟರೊಬ್ಬರ ಪೇಟೆ: ಹುಬ್ಬಳ್ಳಿ ಬೆಳೆದದ್ದು ಹೀಗೆ. ಹೊಸ ಪೇಟೆ ಕಟ್ಟುವುದೆಂದರೆ ಹೊರಗಿನ ವರ್ತಕರನ್ನೂ ಕುಶಲಕರ್ಮಿಗಳನ್ನೂ ಕರೆತಂದು ನೆಲೆಗೊಳಿಸುವುದು ಎಂದೇ ಅರ್ಥ. ಜನರು ಬಾರದಿದ್ದರೆ ಪೇಟೆಯೆಂಬುದು ಖಾಲಿ ಬಯಲು.

ರೈಲು ಬರುವ ಮುನ್ನ ಈ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಮತ್ತು ಎತ್ತುಗಳ ಬೆನ್ನ ಮೇಲೆ ಘಟ್ಟವಿಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಧಾರವಾಡದ ನೆಲದಲ್ಲಿ ಬೆಳೆದ ನಾಟಿ ಹತ್ತಿಗೆ ಜಾಗತಿಕ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು ಬಿತ್ತು. ಬೆಳೆದವನ ಊರಿನ ಹೆಸರು ಮರೆಯಾಗಿ ಸಾಗಿಸಿದ ಬಂದರಿನ ಹೆಸರು ಉಳಿಯಿತು. ಬಂಡಿ ಹೊಡೆಯುವವರು, ಹೇರು ಸಾಗಿಸುವವರು, ದಾರಿಯುದ್ದದ ಛತ್ರ, ಸರಾಯಿಗಳನ್ನು ನಡೆಸುವವರು ಹೀಗೆ ಸಾವಿರಾರು ಕುಟುಂಬಗಳ ಬದುಕು ಈ ಋತುಮಾನದ ಸಂಚಾರವನ್ನು ಆಶ್ರಯಿಸಿತ್ತು.

ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ನಮ್ಮ ಪಿಂಜಾರ ಅಥವಾ ನದಾಫ್ ಸಮುದಾಯದ ಕುಲಕಸುಬು ಕೂಡ ಹತ್ತಿಗೇ ಅಂಟಿಕೊಂಡಿತ್ತು. ಬಿಲ್ಲಿನಂಥ ಸಾಧನವನ್ನು ಮಿಡಿದು ಅರಳೆಯನ್ನು ಹಿಂಜಿ ನೂಲುವವರಿಗೆ ಸಿದ್ಧಪಡಿಸುವುದು ಅವರ ವೃತ್ತಿ. ಊರೂರು ತಿರುಗಿ ಕೆಲಸ ಹುಡುಕುವುದು ಅವರಿಗೆ ಹೊಸತಾಗಿರಲಿಲ್ಲ. ಗಿರಣಿಯ ನೂಲು ಬಂದು ಮನೆಯ ರಾಟೆ ನಿಂತಾಗ ಆ ಕಸುಬಿನ ಬಹುಭಾಗ ಕೈತಪ್ಪಿತು. ಗಾದಿ, ತಲೆದಿಂಬುಗಳ ಕೆಲಸವಷ್ಟೇ ಉಳಿಯಿತು. ಉಳಿದವರು ಬೇಸಾಯಕ್ಕೆ, ಕೂಲಿಗೆ, ನಗರಕ್ಕೆ ಹೊರಳಿದರು. ವಲಸೆಯ ದಿಕ್ಕು ಬದಲಾಗುವುದು ಯಾರದೋ ಖಯಾಲಿಯಿಂದಲ್ಲ, ದುಡಿಮೆಯ ನೆಲೆ ಬದಲಾಗುವುದರಿಂದ ಎಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಬೇಡ.

ಹತ್ತಿ, ಕ್ಷಾಮ ಮತ್ತು ರೈಲು

1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜವನ್ನು ಧಾರವಾಡದಲ್ಲಿ ಬಿತ್ತಲಾಯಿತು. ‘ಧಾರವಾಡ-ಅಮೆರಿಕನ್’ ಎಂಬ ತಳಿ ಹಾಗೆ ನೆಲೆಯೂರಿತು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತು. ಸಾಗರದಾಚೆಯ ಆ ಯುದ್ಧ ನಮ್ಮ ಎರೆಹೊಲಗಳಲ್ಲಿ ಹಣದ ಮಳೆ ಸುರಿಸಿತು. ಹತ್ತಿಯ ಸಾಗಾಟಕ್ಕೆಂದೇ ಕಾರವಾರ ಬಂದರನ್ನು ಬೆಳೆಸಲು ಸರಕಾರ ಮುಂದಾಯಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಸಾಲ ಉಳಿಯಿತು.

ಅದರ ಬೆನ್ನಿಗೇ 1876-78ರ ಮಹಾಕ್ಷಾಮ ಬಂತು. ಧಾರವಾಡ ಜಿಲ್ಲೆಯ ಜನಸಂಖ್ಯೆ 1872 ಮತ್ತು 1881ರ ಜನಗಣತಿಗಳ ನಡುವೆ ಸುಮಾರು ಒಂದು ಲಕ್ಷದಷ್ಟು ಕುಸಿಯಿತು. ಸತ್ತವರೆಷ್ಟೋ, ಗುಳೆ ಎದ್ದು ಹೋದವರೆಷ್ಟೋ. ‘ಗುಳೆ’ ಎಂಬ ಪದ ನಮ್ಮ ಸೀಮೆಯಲ್ಲಿ ಇಂದಿಗೂ ಭಾರವಾಗಿ ಕೇಳಿಸುವುದು ಇಂಥ ನೆನಪುಗಳ ಕಾರಣದಿಂದಲೇ. ಬಾಗಿಲಿಗೆ ಬೀಗ ಜಡಿದು, ಎಳೆಯರನ್ನು ಕಂಕುಳಲ್ಲಿ ಎತ್ತಿಕೊಂಡು, ಮುದುಕರನ್ನು ಊರಿನಲ್ಲೇ ಬಿಟ್ಟು ಹೊರಡುವುದಕ್ಕೆ ಈ ಹೆಸರು.

1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಸ್ಥಾಪನೆಯಾಯಿತು. ಆ ದಶಕದಲ್ಲೇ ಹುಬ್ಬಳ್ಳಿ ರೈಲು ಮಾರ್ಗಗಳ ಸಂಧಿಸ್ಥಾನವಾಯಿತು. ರೈಲ್ವೆ ಕಾರ್ಯಾಗಾರವೂ ಇಲ್ಲಿಗೆ ಬಂತು. 1888ರಲ್ಲಿ ಪೋರ್ಚುಗೀಸ್ ಗೋವೆಯ ಮೊರ್ಮುಗಾಂವ್ ಬಂದರಿಗೆ ರೈಲು ಸಂಪರ್ಕ ದೊರೆಯಿತು. ಅದರ ಪರಿಣಾಮ ವಿಸ್ಮಯಕರ. ಘಟ್ಟದ ಹಾದಿಯ ಚಕ್ಕಡಿಗಳು ನಿಂತವು; ಕುಮಟಾ ಮತ್ತು ಕಾರವಾರಗಳ ವ್ಯಾಪಾರ ಸೊರಗಿತು; ಹುಬ್ಬಳ್ಳಿ ಕೊಬ್ಬಿತು. ಒಂದು ಹಳಿಯ ದಿಕ್ಕು ಎರಡು ಬಂದರುಗಳ ಭಾಗ್ಯವನ್ನು ಒಳನಾಡಿನ ಪೇಟೆಗೆ ವರ್ಗಾಯಿಸಿತು. ಬಂಡಿ ಹೊಡೆಯುತ್ತಿದ್ದವರ ಮಕ್ಕಳಿಗೆ ಊರಲ್ಲಿ ಕೆಲಸವಿಲ್ಲದಾಯಿತು. ಜಿನ್ನಿಂಗ್ ಕಾರ್ಖಾನೆಗಳಲ್ಲಿ, ಹತ್ತಿಯ ಅಂಡಿಗೆ ಹೊರುವ ಹಮಾಲಿಯಲ್ಲಿ, ನೂಲಿನ ಗಿರಣಿಯಲ್ಲಿ ಕೆಲಸ ಹುಟ್ಟಿತು. ಕಾರ್ಯಾಗಾರಕ್ಕೆ ತಮಿಳು, ತೆಲುಗು, ಮರಾಠಿ ಮಾತನಾಡುವ ಕಮ್ಮಾರರು, ಬಡಗಿಗಳು, ಫಿಟ್ಟರರು ಬಂದರು. ‘ಗಿರಣಿ ಚಾಳ’ದಂಥ ಹೆಸರುಗಳು ಆ ಕಾಲದ ಗುರುತಾಗಿ ಇಂದಿಗೂ ಉಳಿದಿವೆ. ಮುಂಬಯಿಯೊಂದಿಗಿನ ಸಾದೃಶ್ಯದಿಂದ ಹುಬ್ಬಳ್ಳಿಗೆ ‘ಛೋಟಾ ಮುಂಬೈ’ ಎಂಬ ಅಡ್ಡಹೆಸರೂ ಬಂತು.

ಆದರೆ ಎಲ್ಲ ವಲಸೆಯೂ ಸ್ವಇಚ್ಛೆಯದಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಬ್ರಿಟಿಷರು ‘ಅಪರಾಧಿ ಬುಡಕಟ್ಟು’ಗಳೆಂದು ಹಣೆಪಟ್ಟಿ ಹಚ್ಚಿದ ಅಲೆಮಾರಿ ಸಮುದಾಯಗಳನ್ನು ಹಿಡಿದುತಂದು ಹುಬ್ಬಳ್ಳಿ, ಗದಗಗಳ ಕಾವಲಿನ ವಸಾಹತುಗಳಲ್ಲಿ ಇರಿಸಿ ಗಿರಣಿ ಮತ್ತು ರೈಲ್ವೆ ಕೆಲಸಕ್ಕೆ ಹಚ್ಚಲಾಯಿತು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯದ ಬಳಿಕ, 1952ರಲ್ಲಿ. ಹುಬ್ಬಳ್ಳಿಯ ‘ಸೆಟ್ಲ್‌ಮೆಂಟ್’ ಎಂಬ ಹೆಸರಿನ ಹಿಂದೆ ಈ ನೋವಿದೆ. ಒಂದು ನಗರದ ಏಳಿಗೆಯಲ್ಲಿ ಯಾರ ಬೆವರು ಎಷ್ಟಿದೆ ಎಂದು ಲೆಕ್ಕ ಹಾಕುವಾಗ ಇವರ ಪಾಲನ್ನೂ ಸೇರಿಸಬೇಕು.

ರೈಲು ಸರಕನ್ನಷ್ಟೇ ತರಲಿಲ್ಲ, ರೋಗವನ್ನೂ ತಂದಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿಯಲ್ಲಿ ಭೀಕರ ರೂಪ ತಾಳಿತು. ಜನರು ಮನೆ ತೊರೆದು ಹೊಲಗಳ ಗುಡಿಸಲು ಸೇರಿದರು. ಹಾಫ್ಕಿನ್ ಲಸಿಕೆಯನ್ನು ಸಾವಿರಾರು ಮಂದಿಗೆ ಚುಚ್ಚಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಇಷ್ಟೆಲ್ಲ ಆಗಿಯೂ 1901ರಲ್ಲಿ ಹುಬ್ಬಳ್ಳಿಯ ಜನಸಂಖ್ಯೆ 60,000 ದಾಟಿತ್ತು. ಸತ್ತವರ ಜಾಗವನ್ನು ಬಂದವರು ತುಂಬಿದರು.

ಇನ್ನೊಂದು ಪ್ರಸಂಗ ಗಮನಿಸಿ. ಧಾರವಾಡ ಪೇಢೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತಿನಿಸು. ಅದನ್ನು ಇಲ್ಲಿ ಆರಂಭಿಸಿದವರು ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಕುಟುಂಬದವರು. ಹೊರಗಿನಿಂದ ಬಂದವರ ಕೈಗುಣವೇ ಈ ಊರಿನ ಹೆಸರಾಯಿತು.

ಮುಂಬಯಿಯಿಂದ ಬೆಂಗಳೂರಿನತ್ತ

1956ರ ನವೆಂಬರ್ 1ರ ವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಕಚೇರಿಯ ಕೆಲಸಕ್ಕಾಗಲಿ, ವ್ಯಾಪಾರಕ್ಕಾಗಲಿ, ಉನ್ನತ ವ್ಯಾಸಂಗಕ್ಕಾಗಲಿ ನಮ್ಮ ಹಿರಿಯರು ಮುಖ ಮಾಡುತ್ತಿದ್ದುದು ಪುಣೆ, ಮುಂಬಯಿಗಳತ್ತ. ಏಕೀಕರಣದ ಬಳಿಕ ರಾಜಧಾನಿ ಬೆಂಗಳೂರಾಯಿತು, ದಿಕ್ಕು ತಿರುಗಿತು. ಆ ಹೊತ್ತಿಗೆ ಅವಳಿ ನಗರ ವಿದ್ಯೆಯ ಕೇಂದ್ರವಾಗಿಯೂ ಬೆಳೆಯುತ್ತಿತ್ತು. ಉಣಕಲ್ ಪಕ್ಕದ ವಿದ್ಯಾನಗರದಲ್ಲಿ 1947ರಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ಆರಂಭವಾಗಿತ್ತು. ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಧಾರವಾಡಕ್ಕೆ ಬಂದಿತ್ತು. 1957ರಲ್ಲಿ ವೈದ್ಯಕೀಯ ಕಾಲೇಜೂ ಬಂತು. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆ ರಚನೆಯಾಯಿತು. ಎರಡೂ ನಗರಗಳ ನಡುವಿನ ಉಣಕಲ್, ಅಮರಗೋಳ, ರಾಯಾಪುರಗಳ ಹೊಲಗಳ ಮೇಲೆ ಕಾಲೇಜು, ಮಾರುಕಟ್ಟೆ ಪ್ರಾಂಗಣ, ಬಡಾವಣೆಗಳು ಎದ್ದವು.

ಇಲ್ಲೊಂದು ಸೂಕ್ಷ್ಮ ಬದಲಾವಣೆ ಇದೆ. ಗಿರಣಿ ಮತ್ತು ಕಾರ್ಯಾಗಾರಗಳ ಕಾಲದಲ್ಲಿ ಹುಬ್ಬಳ್ಳಿ ದುಡಿಯುವವರನ್ನು ಕರೆಯುತ್ತಿತ್ತು, ಅವರು ಇಲ್ಲೇ ನೆಲೆಸುತ್ತಿದ್ದರು. ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದ ಮೇಲೆ ನಗರ ಮುಖ್ಯವಾಗಿ ಓದುವವರನ್ನು ಕರೆಯತೊಡಗಿತು. ಓದಿದವರು ಪದವಿ ಹಿಡಿದು ಬೆಂಗಳೂರು, ಪುಣೆಗಳಿಗೆ ಹೊರಟರು. ವಿದ್ಯಾರ್ಥಿಗಳು ಬಂದರೆ ಬಾಡಿಗೆ ಕೋಣೆ, ಖಾನಾವಳಿ, ಪುಸ್ತಕದಂಗಡಿಗಳಿಗೆ ಲಾಭವಿದೆ. ಆದರೆ ಆ ಓದಿನ ಫಲ ಬೇರೆಡೆ ಕೈಗೂಡುತ್ತದೆ. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ ದೊರೆತದ್ದು, 2016ರಲ್ಲಿ ಧಾರವಾಡಕ್ಕೆ ಐಐಟಿ ಬಂದದ್ದು ದೊಡ್ಡ ಸಂಗತಿಗಳೇ. 2023ರಲ್ಲಿ ಧಾರವಾಡ-ಬೆಂಗಳೂರು ನಡುವೆ ವಂದೇ ಭಾರತ್ ರೈಲು ಓಡತೊಡಗಿತು. ವೇಗದ ರೈಲು ಎರಡು ಕೆಲಸ ಮಾಡಬಲ್ಲದು: ದೂರದವನನ್ನು ಮನೆಗೆ ಹತ್ತಿರ ತರಬಹುದು, ಮನೆಯಲ್ಲಿದ್ದವನನ್ನು ಇನ್ನಷ್ಟು ಸುಲಭವಾಗಿ ಹೊರಗೆ ಒಯ್ಯಬಹುದು. ಹುಬ್ಬಳ್ಳಿಯಲ್ಲಿ ತಕ್ಕ ಉದ್ಯೋಗವಿದೆಯೇ ಎಂಬುದು ಇವೆರಡರಲ್ಲಿ ಯಾವುದಾಗುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಹತ್ತಿಯ ಹಳಿಯ ಮೇಲೆ ಗುಳೆ

ಇತ್ತ ಪೂರ್ವದ ಒಣಭೂಮಿಯ ಜಿಲ್ಲೆಗಳಿಂದ ಗುಳೆ ನಿಂತಿಲ್ಲ. ಮಳೆ ಕೈಕೊಟ್ಟ ವರ್ಷ, ಅಥವಾ ಹಿಂಗಾರಿನ ಕೆಲಸ ಮುಗಿದ ಮೇಲೆ, ಮೇಸ್ತ್ರಿಯಿಂದ ಮುಂಗಡ ಪಡೆದ ಕುಟುಂಬಗಳು ಬೆಂಗಳೂರು, ಮುಂಬಯಿ, ಗೋವೆಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಒಂದು ಕಾಲಕ್ಕೆ ಹತ್ತಿಯನ್ನು ಮೊರ್ಮುಗಾಂವ್‌ಗೆ ಒಯ್ದ ಹಳಿಯೇ ಇಂದು ಆ ಹತ್ತಿ ಬೆಳೆದವರ ಮಕ್ಕಳನ್ನು ವಾಸ್ಕೊಗೆ ಒಯ್ಯುತ್ತಿದೆ. ಅಲ್ಲಿನ ಬೈನಾ ಕಡಲತೀರದಲ್ಲಿ ಕನ್ನಡಿಗರ ದೊಡ್ಡ ವಸತಿಯೇ ಬೆಳೆದಿತ್ತು. 2004ರಲ್ಲಿ ಅಲ್ಲಿನ ಮನೆಗಳು ನೆಲಸಮವಾದಾಗ ಬೀದಿಗೆ ಬಿದ್ದವರಲ್ಲಿ ನಮ್ಮ ಸೀಮೆಯವರು ಅಪಾರ ಸಂಖ್ಯೆಯಲ್ಲಿದ್ದರು. ‘ಹೊರಗಿನವರು’ ಎಂಬ ಪದ ಅಂದು ನಮ್ಮವರನ್ನೇ ಚುಚ್ಚಿತು.

ವಲಸೆ ಹೋದವರು ಕಳಿಸುವ ಹಣ ಊರಿಗೆ ಏನು ಮಾಡುತ್ತದೆ? ಮೊದಲು ಅದು ಸಾಲ ತೀರಿಸುತ್ತದೆ, ಬಳಿಕ ಮನೆಗೆ ಆರ್‌ಸಿಸಿ ಛಾವಣಿ ಹಾಕಿಸುತ್ತದೆ, ಮದುವೆ ಮಾಡಿಸುತ್ತದೆ, ನಿವೇಶನ ಕೊಳ್ಳುತ್ತದೆ. ಇವೆಲ್ಲ ಅಗತ್ಯವೇ. ಆದರೆ ನಿವೇಶನದ ಮೇಲೆ ಹಣ ಸುರಿದಷ್ಟೂ ಭೂಮಿಯ ಬೆಲೆ ಏರುತ್ತದೆ, ಊರಲ್ಲೇ ಉಳಿದ ಬಡವನಿಗೆ ಮನೆ ಕೈಗೆಟುಕದಾಗುತ್ತದೆ. ಇನ್ನೊಂದೆಡೆ ಹತ್ತಿ ಬಿಡಿಸಲು, ಕಳೆ ಕೀಳಲು ಆಳು ಸಿಗದೆ ರೈತನು ಗೋವಿನಜೋಳ, ಸೋಯಾಬೀನ್‌ಗಳಂಥ ಕಡಿಮೆ ಕೈಗೆಲಸದ ಬೆಳೆಗೆ, ಯಂತ್ರದ ಕಟಾವಿಗೆ ಹೊರಳುತ್ತಾನೆ. ಯಂತ್ರ ಬಂದ ಮೇಲೆ ಗುಳೆ ಹೋದವರು ಮರಳಿ ಬಂದರೂ ಹಳೆಯ ಕೆಲಸ ಕಾದಿರುವುದಿಲ್ಲ. ಹೀಗೆ ವಲಸೆಯೇ ವಲಸೆಯನ್ನು ಹೆಚ್ಚಿಸುತ್ತದೆ.

ಭಟ್ಕಳವನ್ನು ಹೋಲಿಸಿ ನೋಡಬಹುದು. 1970ರ ದಶಕದ ತೈಲ ಸಮೃದ್ಧಿಯ ಬಳಿಕ ಕೊಲ್ಲಿಗೆ ಹೋದ ಅಲ್ಲಿನ ಕುಟುಂಬಗಳ ಸಂಪಾದನೆಯ ಒಂದು ಪಾಲು ಶಾಲೆ, ಕಾಲೇಜುಗಳಾಗಿ ಊರಿನಲ್ಲಿ ನಿಂತಿತು. ಕೊಲ್ಲಿಯ ಸಂಪಾದನೆಯೂ ಗುಳೆಯ ಕೂಲಿಯೂ ಸಮವಲ್ಲ, ನಿಜ. ಆದರೂ ಹೊರಗಿನ ದುಡಿಮೆ ಊರಿಗೆ ಬರಿಯ ಗೋಡೆಗಳಾಗಿ ಮರಳುತ್ತದೆಯೋ ಅಥವಾ ಮುಂದಿನ ಪೀಳಿಗೆಯ ದುಡಿಮೆಗೆ ಬಂಡವಾಳವಾಗಿ ಮರಳುತ್ತದೆಯೋ ಎಂಬ ಪ್ರಶ್ನೆ ಎರಡಕ್ಕೂ ಒಂದೇ.

2020ರ ಲಾಕ್‌ಡೌನ್ ಈ ಇಡೀ ವ್ಯವಸ್ಥೆಯ ಒಳಗನ್ನು ಬಯಲಿಗಿಟ್ಟಿತು. ಆ ವರ್ಷದ ಮೇ ತಿಂಗಳಲ್ಲಿ, ನಿರ್ಮಾಣೋದ್ಯಮಿಗಳೊಂದಿಗಿನ ಸಭೆಯ ಬಳಿಕ, ಕಾರ್ಮಿಕರನ್ನು ಹೊರರಾಜ್ಯಗಳಿಗೆ ಒಯ್ಯುವ ವಿಶೇಷ ರೈಲುಗಳನ್ನು ರಾಜ್ಯ ಸರಕಾರ ರದ್ದುಪಡಿಸಿತು. ತೀವ್ರ ಟೀಕೆಯ ನಂತರ ಅವು ಪುನಃ ಓಡಿದವು. ಯಾರನ್ನು ನಾವು ಬೇಡದ ಭಾರವೆಂದು ಭಾವಿಸಿದ್ದೆವೋ ಅವರು ಹೋಗಿಬಿಟ್ಟರೆ ಕೆಲಸವೇ ನಿಲ್ಲುತ್ತದೆ ಎಂಬ ಸತ್ಯ ಅಂದು ಎಲ್ಲರಿಗೂ ಗೊತ್ತಾಯಿತು.

ಮದೀನಾ ಕಲಿಸಿದ ಪಾಠ

ಟ್ಯುನಿಸಿನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ 1377ರಲ್ಲಿ ತಮ್ಮ ‘ಮುಕದ್ದಿಮಾ’ ಕೃತಿಯಲ್ಲಿ ನಗರಗಳ ಏಳುಬೀಳನ್ನು ವಿಶ್ಲೇಷಿಸಿದರು. ಜನರು ಒಂದೆಡೆ ಸೇರಿದಷ್ಟೂ ದುಡಿಮೆ ಹಂಚಿಕೆಯಾಗುತ್ತದೆ, ಒಬ್ಬೊಬ್ಬನ ಅಗತ್ಯಕ್ಕಿಂತ ಹೆಚ್ಚು ಉತ್ಪತ್ತಿಯಾಗುತ್ತದೆ, ಅದರಿಂದ ಸಮೃದ್ಧಿ ಬರುತ್ತದೆ ಎಂಬುದು ಅವರ ನಿಲುವು. ಅನ್ಯಾಯ ಹೆಚ್ಚಿದರೆ, ದುಡಿಮೆಯ ಫಲ ದುಡಿದವನ ಕೈಸೇರದಿದ್ದರೆ, ಜನರು ಚದುರುತ್ತಾರೆ, ನಾಗರಿಕತೆ ಪಾಳು ಬೀಳುತ್ತದೆ ಎಂದೂ ಅವರು ಎಚ್ಚರಿಸಿದರು. ಹುಬ್ಬಳ್ಳಿಯ ಚರಿತ್ರೆ ಈ ಎರಡೂ ಮಾತುಗಳಿಗೆ ಸಾಕ್ಷಿ ನುಡಿಯುತ್ತದೆ.

ಪವಿತ್ರ ಕುರ್‌ಆನ್ ಕುರೈಶರ ಚಳಿಗಾಲದ ಹಾಗೂ ಬೇಸಗೆಯ ಪ್ರಯಾಣಗಳನ್ನು ಅಲ್ಲಾಹನ ಅನುಗ್ರಹವಾಗಿ ನೆನಪಿಸುತ್ತದೆ. ಹಸಿವಿನಿಂದ ಅನ್ನ, ಭಯದಿಂದ ಅಭಯ, ಇವೆರಡೂ ಅಲ್ಲಿ ಒಟ್ಟಿಗೇ ಪ್ರಸ್ತಾಪವಾಗಿವೆ. ದುಡಿಮೆಗಾಗಿ ದೂರ ಹೋಗುವವನಿಗೆ ಕೂಲಿಯಷ್ಟೇ ಸಾಲದು, ನಿರ್ಭಯತೆಯೂ ಬೇಕು.

ಹಿಜ್ರತ್‌ನ ಬಳಿಕ ಮದೀನಾದಲ್ಲಿ ನಡೆದುದನ್ನು ಆರ್ಥಿಕ ದೃಷ್ಟಿಯಿಂದ ಓದಬೇಕು. ಕ್ರಿ.ಶ. 622ರಲ್ಲಿ ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರರೊಂದಿಗೆ ತಮ್ಮ ಖರ್ಜೂರದ ಮರಗಳನ್ನು ಹಂಚಿಕೊಳ್ಳಲು ಅನ್ಸಾರರು ಮುಂದಾದರು. ಪ್ರವಾದಿ ಮುಹಮ್ಮದ್(ಸ) ಅದಕ್ಕೆ ಒಪ್ಪಲಿಲ್ಲ. ಮುಹಾಜಿರರು ತೋಟದಲ್ಲಿ ದುಡಿಯುವುದು, ಫಸಲನ್ನು ಇಬ್ಬರೂ ಹಂಚಿಕೊಳ್ಳುವುದು ಎಂದು ತೀರ್ಮಾನವಾಯಿತು. ಭೂಮಿ ಇದ್ದವನ ಒಡೆತನವೂ ಉಳಿಯಿತು, ಬಂದವನ ಸ್ವಾಭಿಮಾನವೂ ಉಳಿಯಿತು. ಹ. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನು ಕೊಡಲು ಮುಂದಾದಾಗ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ತುಪ್ಪ ಮತ್ತು ಗಿಣ್ಣದ ಸಣ್ಣ ವ್ಯಾಪಾರದಿಂದ ಆರಂಭಿಸಿದ ಅವರು ಮದೀನಾದ ಶ್ರೀಮಂತ ವರ್ತಕರಲ್ಲೊಬ್ಬರಾದರು. ಖೈಬರ್‌ನ ಬಳಿಕ ಅನುಕೂಲ ಒದಗಿದಾಗ ಮುಹಾಜಿರರು ತಮಗೆ ದೊರೆತಿದ್ದ ಮರಗಳನ್ನು ಅನ್ಸಾರರಿಗೆ ಹಿಂದಿರುಗಿಸಿದರು. ವಲಸಿಗರು ಮದೀನಾವನ್ನು ಬಡವಾಗಿಸಲಿಲ್ಲ, ಬೆಳೆಸಿದರು.

ನಮ್ಮ ಮುಂದಿರುವ ಹೊಣೆ

ಚರಿತ್ರೆಯನ್ನು ಓದಿ ನಿಟ್ಟುಸಿರು ಬಿಟ್ಟರೆ ಸಾಲದು. ಉಣಕಲ್, ಹಳೇ ಹುಬ್ಬಳ್ಳಿ, ಗಣೇಶಪೇಟೆ, ಎಲ್ಲೇ ಆಗಲಿ, ನಮ್ಮ ಮಸ್ಜಿದ್‌ನ ಸಫ್ಫಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಅಪರಿಚಿತ ಕೂಲಿಕಾರನ ಹೆಸರು ನಮಗೆ ತಿಳಿದಿದೆಯೇ? ಬೇರೆ ಧರ್ಮದ ಗುಳೆ ಕುಟುಂಬವೊಂದು ನಮ್ಮ ಓಣಿಯ ಕಟ್ಟಡದ ಕೆಲಸಕ್ಕೆ ಬಂದಿದ್ದರೆ ಅದರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ? ನೆರೆಯವರ ಹಕ್ಕಿಗೆ ಧರ್ಮದ ಭೇದವಿಲ್ಲ ಎಂಬುದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅದನ್ನು ಸಾಬೀತುಪಡಿಸುವ ಸ್ಥಳ ಇದು.

ಜಮಾಅತ್‌ಗಳು ಮಾಡಬಹುದಾದ ಕೆಲಸಗಳು ಕಷ್ಟದವಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಿಂದಲೇ ಕಾನೂನು ರಕ್ಷಣೆಯಿದೆ. ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯಿದೆ, 2021ರಿಂದ ಇ-ಶ್ರಮ್ ನೋಂದಣಿಯಿದೆ, ಪಡಿತರವನ್ನು ಬೇರೆ ಊರಿನಲ್ಲೂ ಪಡೆಯುವ ವ್ಯವಸ್ಥೆಯಿದೆ. ಇವುಗಳ ಮಾಹಿತಿಯಿಲ್ಲದೆ ಸೌಲಭ್ಯ ಕಳೆದುಕೊಳ್ಳುವವರೇ ಹೆಚ್ಚು. ಜುಮುಅಃ ನಮಾಝ್‌ನ ಬಳಿಕ ಓದುಬರಹ ಬಲ್ಲ ಇಬ್ಬರು ಯುವಕರು ಒಂದು ಮೇಜಿನೆದುರು ಕುಳಿತು ಅರ್ಜಿ ತುಂಬಿಕೊಟ್ಟರೆ ಎಷ್ಟೋ ಮನೆಗಳಿಗೆ ಆಸರೆಯಾದೀತು. ಬೈತುಲ್ ಮಾಲ್‌ನಿಂದ ಬಡ್ಡಿರಹಿತ ಸಣ್ಣ ಸಾಲ ದೊರೆತರೆ ಮೇಸ್ತ್ರಿಯ ಮುಂಗಡದ ಕುಣಿಕೆಗೆ ಕೊರಳೊಡ್ಡುವುದು ತಪ್ಪೀತು. ಹೊರಗೆ ದುಡಿಯುವ ಮಕ್ಕಳು ಮೂರನೆಯ ಮಹಡಿಗೆ ಹಾಕುವ ಹಣದ ಒಂದಂಶವನ್ನು ಊರಿನ ಒಂದು ವರ್ಕ್‌ಶಾಪಿಗೆ, ಹೊಲಿಗೆ ಘಟಕಕ್ಕೆ, ಹೆಣ್ಣುಮಕ್ಕಳ ಓದಿಗೆ ತೊಡಗಿಸಿದರೆ ಮುಂದಿನ ಪೀಳಿಗೆಗೆ ಆಯ್ಕೆಯ ಸ್ವಾತಂತ್ರ್ಯವಾದರೂ ಉಳಿದೀತು. ಕೆಲಸ ಕೊಡುವ ಸ್ಥಾನದಲ್ಲಿರುವವರು ಕೂಲಿಯನ್ನು ಬೆವರು ಆರುವ ಮುನ್ನ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ಸೈಟಿನಲ್ಲೂ ನೆನಪಿಡಬೇಕು.

1901ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಸೇರಿ ಒಂದು ಲಕ್ಷಕ್ಕಿಂತ ಕಡಿಮೆ ಜನರಿದ್ದರು. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ನಮ್ಮಲ್ಲಿ ಬಹುತೇಕರ ಅಜ್ಜನೋ ಮುತ್ತಜ್ಜನೋ ಯಾವುದೋ ಹಳ್ಳಿಯಿಂದ, ಯಾವುದೋ ಬರಗಾಲದ ವರ್ಷದಲ್ಲಿ, ಗಂಟುಮೂಟೆ ಹೊತ್ತು ಇಲ್ಲಿಗೆ ಬಂದವರೇ. ಅವರಿಗೆ ಅಂದು ಯಾರೋ ಮಾರುಕಟ್ಟೆಯ ದಾರಿ ತೋರಿಸಿದ್ದರು. ಇಂದು ದಾರಿ ಕೇಳಿ ನಿಂತವರಿಗೆ ಅದನ್ನು ತೋರಿಸುವ ಸರದಿ ನಮ್ಮದು. ಅದಕ್ಕೆ ಬೇಕಾದ ಹೃದಯ ವೈಶಾಲ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.